ಕುಂಕುಮ ಹಚ್ಚಿದ ಕಳ್ಳ ಸ್ವಿಚ್ಚು

2025ರ ನವೆಂಬರ್ 14, ಶುಕ್ರವಾರ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಿಳಿಗೆರೆಯ ಮೋಹನ್ ಕುಮಾರ್ ಹನ್ನೊಂದು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಬೆಳಿಗ್ಗೆಯಿಂದ ಎರಡು ಬದುವಿನ ಜಗಳ, ಒಂದು ಬೋರ್‌ವೆಲ್ ಕೇಬಲ್ ಕಳವು ನೋಡಿ ಮುಗಿಸಿ ಪಿಎಸ್‌ಐ ಗಿರಿಜಾಂಬಿಕಾ ಆಗತಾನೆ ಊಟದ ಡಬ್ಬಿ ತೆರೆದಿದ್ದರು. ಹನ್ನೆರಡು ಜೋಡಿ ಚಪ್ಪಲಿಯ ಸದ್ದು ಕೇಳಿ ಮುಚ್ಚಳ ಮತ್ತೆ ಮುಚ್ಚಿದರು.

ಪಿಕಪ್ ಗಾಡಿ ಕಳುವಾಗಿತ್ತು. ಕೊಂಡು ಏಳು ತಿಂಗಳೂ ತುಂಬಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ಒಳಗೆ, ಮನೆಯವರೆಲ್ಲ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದಾಗ, ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿದ್ದ ಗಾಡಿಯನ್ನು ಯಾರೋ ಹೊಡೆದುಕೊಂಡು ಹೋಗಿದ್ದರು.

"ಗಾಡಿ ನಂಬರ್ ಹೇಳಿ," ಎಂದರು ಗಿರಿಜಾಂಬಿಕಾ.

ಮೋಹನ್ ಕುಮಾರ್ ನಂಬರ್ ಹೇಳಲಿಲ್ಲ. ಮುಂದುಗಡೆ ಉದ್ದನೆ ಎಲ್‌ಇಡಿ ಬಾರ್ ಇದೆ, ಅದರ ಕೆಳಗೆ ನಾಲ್ಕು ಫಾಗ್ ಲೈಟು, ಎಂಟು ರಾಗದ ಹಾರ್ನು, ಬಾಡಿಯ ಕೆಳಗೆ ಸುತ್ತಲೂ ನೀಲಿ ಲೈಟಿನ ಪಟ್ಟಿ, ಕ್ಯಾಬಿನ್ನಿನಲ್ಲಿ ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರು, ಹಿಂದಕ್ಕೆ ತೆಗೆದರೆ ಹಾಡು ಹಾಡುವ ರಿವರ್ಸ್ ಸ್ಪೀಕರು, ತೋಟದಲ್ಲಿ ಮಿಕ್ಸಿ ಹಾಕುವುದಕ್ಕೆ ಇನ್ವರ್ಟರು ಎಂದು ಮದುವೆ ಸೀರೆ ಲೆಕ್ಕ ಒಪ್ಪಿಸುವವನಂತೆ ಒಂದೇ ಉಸಿರಿಗೆ ಹೇಳಿದ. ನಂಬರ್ ಮಾತ್ರ ಬಾಯಿಗೆ ಬರಲಿಲ್ಲ. ಮೊಬೈಲಿನಲ್ಲಿದ್ದ ನಲವತ್ತು ಫೋಟೊ ತೋರಿಸಿದ. ಒಂದೊಂದರಲ್ಲೂ ನಂಬರ್ ಪ್ಲೇಟಿನ ಮುಂದೆ ಫಾಗ್ ಲೈಟಿತ್ತು, ಇಲ್ಲವೇ ಕೈಕಟ್ಟಿಕೊಂಡು ಅವನೇ ನಿಂತಿದ್ದ.

ಆರ್‌ಸಿ ತರಲು ಒಬ್ಬನನ್ನು ಬೈಕಿನಲ್ಲಿ ಊರಿಗೆ ಅಟ್ಟಿದ್ದಾಯಿತು. ಹೆಡ್ ಕಾನ್‌ಸ್ಟೇಬಲ್ ಹುಚ್ಚಣ್ಣ ದೂರು ಬರೆಯಲು ಕೂತರು.

"ಹೊಸ ಗಾಡಿ. ಜಿಪಿಎಸ್ ಇಲ್ವಾ?"

"ಇದೆ ಮೇಡಂ."

"ಮತ್ತೆ ಮೊಬೈಲಲ್ಲಿ ನೋಡಿ, ಎಲ್ಲಿದೆ ಅಂತ."

ಮೋಹನ್ ಕುಮಾರ್ ತಲೆ ಕೆರೆದುಕೊಂಡ. "ಅದರ ಫ್ಯೂಸು ಕಿತ್ತು ದೇವರ ಲೈಟಿಗೆ ಹಾಕಿದ್ದೆ ಮೇಡಂ. ಡ್ಯಾಶ್‌ಬೋರ್ಡಲ್ಲಿ ಮಾದೇಶ್ವರ ಕೂರಿಸಿದೀವಿ. ಲೈಟ್ ಹತ್ತುತಾ ಇರಲಿಲ್ಲ."

ಗಿರಿಜಾಂಬಿಕಾ ಹುಚ್ಚಣ್ಣನ ಕಡೆ ನೋಡಿದರು. ಹುಚ್ಚಣ್ಣ ಹಾಳೆಯ ಕಡೆ ನೋಡಿದರು.

ಆದರೆ ಮೋಹನ್ ಕುಮಾರನಿಗೆ ಕಳ್ಳ ಯಾರೆಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಾಡಿಗೆ ಒಂದು ಕಳ್ಳ ಸ್ವಿಚ್ಚು ಹಾಕಿಸಿದ್ದ. ಅದು ಆಫ್ ಆಗಿದ್ದರೆ ಕೀ ಇದ್ದವನೂ ಗಾಡಿ ಸ್ಟಾರ್ಟ್ ಮಾಡಲಾರ. ಸೀಟಿನ ಕೆಳಗೆ, ಕಬ್ಬಿಣದ ಪಟ್ಟಿಯ ಹಿಂದೆ, ಕೈ ತಿರುಗಿಸಿ ಒಳಗೆ ಹಾಕಿದರಷ್ಟೇ ಸಿಗುವ ಜಾಗ. ಕೀ ಜಗಲಿಯ ಕಂಬದ ಮೊಳೆಗೆ ನೇತುಹಾಕಿದ್ದು ನಿಜ. ಆದರೆ ಸ್ವಿಚ್ಚು ಎಲ್ಲಿದೆ ಎಂಬುದು ತನಗೆ, ಅದನ್ನು ಹಾಕಿದ ತಿಪಟೂರಿನ ಅರುಣ್ ಕುಮಾರನಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ ಎಂದು ಆಣೆ ಇಟ್ಟ. ಭಾನುವಾರ ಬೀಗರ ಔತಣಕ್ಕೆ ತುರುವೇಕೆರೆ ಕಡೆಗೆ ಹೋಗಬೇಕು, ಊರಿನ ಮೂವತ್ತು ಹೆಂಗಸರನ್ನು ಕೂರಿಸಿಕೊಂಡು ಲೈಟು ಹಾಕಿಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ, ಅಷ್ಟರೊಳಗೆ ಅರುಣನನ್ನು ಒಳಗೆ ಹಾಕಿ ಗಾಡಿ ಹೊರಗೆ ತೆಗೆಯಿರಿ ಎಂದು ಅವನ ವಾದ.

ಗೂಡ್ಸ್ ಗಾಡಿಯಲ್ಲಿ ಮೂವತ್ತು ಜನ ಕೂರಿಸುವುದು ಇನ್ನೊಂದು ಕೇಸು ಎಂದು ಗಿರಿಜಾಂಬಿಕಾ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಸಂಜೆ 5-40ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 305, ಕಳವು. ಆರೋಪಿಯ ಕಾಲಂನಲ್ಲಿ ಅರುಣ್ ಕುಮಾರನ ಹೆಸರು, ಪಕ್ಕದಲ್ಲಿ 'ಅನುಮಾನ' ಎಂಬ ಮಾತು.

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ 'ಗಂಗಾಧರ ಆಟೋ ಎಲೆಕ್ಟ್ರಿಕಲ್ಸ್' ಎಂಬ ಅಂಗಡಿ ಇದೆ. ಗಂಗಾಧರ ತೀರಿಕೊಂಡು ನಾಲ್ಕು ವರ್ಷ. ಮಗ ಅರುಣ್ ಕುಮಾರನಿಗೆ ಮೂವತ್ತೊಂದು. ಆರೂವರೆಗೆ ಠಾಣೆಗೆ ಬಂದವನು ಬೆಂಚಿನ ತುದಿಯಲ್ಲಿ, ಬಿದ್ದೇ ಹೋಗುವಷ್ಟು ತುದಿಯಲ್ಲಿ ಕೂತ. ಅವನು ಬರುವ ಮೊದಲೇ ಸುದ್ದಿ ಬೀದಿಗೆ ಬಂದಿತ್ತು. ಆಗಲೇ ಇಬ್ಬರು ಅಂಗಡಿ ಮುಂದೆ ಬಿಟ್ಟಿದ್ದ ತಮ್ಮ ಗಾಡಿ ತೆಗೆದುಕೊಂಡು ಹೋಗಿದ್ದರು. ಇಂಥ ಅಂಗಡಿ ನಡೆಯುವುದು ಜನ ನಂಬಿ ಬಿಟ್ಟುಹೋಗುವ ಕೀಗಳ ಮೇಲೆ. ಕಳ್ಳ ಎಂದು ಒಂದು ಸಲ ಹೆಸರು ಹತ್ತಿದರೆ ಆ ಬಾಗಿಲು ಮತ್ತೆ ತೆರೆಯುವ ಹಾಗಿಲ್ಲ. ಅದು ಅವನಿಗೂ ಗೊತ್ತಿತ್ತು, ಗಿರಿಜಾಂಬಿಕಾಗೂ ಗೊತ್ತಿತ್ತು.

"ಮಧ್ಯಾಹ್ನ ಎಲ್ಲಿದ್ದೆ?"

"ಅಂಗಡೀಲಿ."

"ಸಾಕ್ಷಿ?"

"ಎದುರುಗಡೆ ಟೈರ್ ಅಂಗಡಿ ಕ್ಯಾಮೆರಾ ಇದೆ ಮೇಡಂ."

"ಸ್ವಿಚ್ಚು ಹಾಕಿದ್ದು ನೀನೇನಾ?"

ಅರುಣ್, "ನಮ್ಮ ಅಂಗಡೀಲೇ," ಎಂದ.

ಕೇಳಿದ್ದಕ್ಕೆ ಅದು ಸರಿಯಾದ ಉತ್ತರವಲ್ಲ ಎಂದು ಗಿರಿಜಾಂಬಿಕಾಗೆ ಆಮೇಲೆ ಅನ್ನಿಸಿತು. ಆ ಹೊತ್ತಿಗೆ ಫೋನು ಹೊಡೆದುಕೊಳ್ಳುತ್ತಿತ್ತು. ಮೋಹನ್ ಕುಮಾರನ ಕಡೆಯ ಏಳನೆಯ ಫೋನು. ಊರ ಯಜಮಾನರು, ಸೊಸೈಟಿ ಡೈರೆಕ್ಟರು, ಮೋಹನ್ ಕುಮಾರನ ಭಾವ, ಭಾವನ ಸ್ನೇಹಿತ, ಎಲ್ಲರದೂ ಒಂದೇ ಮಾತು. ಹಿಡಿದಿದ್ದೀರಲ್ಲ, ಎರಡು ಬಿಗಿದರೆ ಬಾಯಿ ಬಿಡುತ್ತಾನೆ.

ಕ್ಯಾಮೆರಾ ನೋಡಲು ಹುಚ್ಚಣ್ಣ ಹೋದರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅರುಣ್ ಅಂಗಡಿಯ ಮುಂದೆಯೇ ಇದ್ದ. ಎರಡು ಸಲ ಟೀ ಕುಡಿದ, ಒಂದು ಸಲ ಬೀದಿನಾಯಿಗೆ ಕಲ್ಲು ಎಸೆದ, ಉಳಿದಂತೆ ಮೊಬೈಲ್ ನೋಡಿದ. ಗಿರಿಜಾಂಬಿಕಾ ಅವನಿಗೆ ನೋಟಿಸ್ ಕೊಟ್ಟು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗಲು ಹೇಳಿ ಮನೆಗೆ ಕಳಿಸಿದರು. ಎಂಟನೆಯ ಫೋನು ಬಂದಾಗ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ 7-30ಕ್ಕೆ ಪಿಎಸ್‌ಐ, ಹುಚ್ಚಣ್ಣ, ಮಹಿಳಾ ಕಾನ್‌ಸ್ಟೇಬಲ್ ಭವ್ಯಶ್ರೀ ಬಿಳಿಗೆರೆ ಮುಟ್ಟಿದರು. ಪಂಚನಾಮೆಗೆ ಇಬ್ಬರು ಪಂಚರು ಬೇಕಿತ್ತು. ಬಂದವರು ಇಪ್ಪತ್ತು ಜನ. ಟೈರಿನ ಗುರುತು ಇರಬೇಕಾದ ಜಾಗದಲ್ಲಿ ಆ ಇಪ್ಪತ್ತೂ ಜನ ನಿಂತು ಟೈರಿನ ಗುರುತು ಎಲ್ಲಿರಬಹುದು ಎಂದು ಚರ್ಚೆ ಮಾಡುತ್ತಿದ್ದರು.

"ಕಾಲು ತೆಗೀರಪ್ಪ," ಎಂದು ಹುಚ್ಚಣ್ಣ ಮೂರು ಸಲ ಹೇಳಿ, ನಾಲ್ಕನೆಯ ಸಲ ಲಾಠಿಯಿಂದ ನೆಲಕ್ಕೆ ಕುಟ್ಟಿದರು.

ಅಟ್ಟದ ಕೆಳಗಿನ ಜಾಗ ಉದ್ದಕ್ಕೆ, ಇಕ್ಕಟ್ಟು. ಮೇಲೆ ವರ್ಷ ತುಂಬದ ಕೊಬ್ಬರಿ, ಕೆಳಗೆ ಗಾಡಿ. ಮೂತಿ ಒಳಗೆ ಮಾಡಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೇ ತೆಗೆಯಬೇಕು. ಹಿಂದಕ್ಕೆ ತೆಗೆದರೆ ಹಾಡು ಬರಬೇಕು. ಆ ಹಾಡು ಬಂದರೆ ಮೂರು ಬೀದಿ ಆಚೆಯ ಎಮ್ಮೆಗಳೂ ತಲೆ ಎತ್ತುತ್ತವೆ ಎಂದು ಮೋಹನ್ ಕುಮಾರನೇ ಹೆಮ್ಮೆಯಿಂದ ಹೇಳಿದ್ದ. ಶುಕ್ರವಾರ ಮಧ್ಯಾಹ್ನ ಯಾರಿಗೂ ಹಾಡು ಕೇಳಿರಲಿಲ್ಲ.

ಅದಕ್ಕೆ ಕಾರಣ ಭವ್ಯಶ್ರೀ ಕಣ್ಣಿಗೆ ಬಿತ್ತು. ಗೋಡೆಯ ಗೂಡಿನಲ್ಲಿ, ಒರೆಸುವ ಬಟ್ಟೆಯ ಮೇಲೆ, ರಿವರ್ಸ್ ಸ್ಪೀಕರನ್ನು ಬಿಚ್ಚಿ ಇಟ್ಟಿದ್ದರು. ನಾಲ್ಕು ಸ್ಕ್ರೂಗಳೂ ಪಕ್ಕದಲ್ಲೇ ಇದ್ದವು. ಸ್ಪೀಕರಿನಿಂದ ಹೊರಟ ಎರಡು ವೈರುಗಳ ತುದಿಗೆ ಬೇರೆ ಬೇರೆಯಾಗಿ ಕಪ್ಪು ಟೇಪು ಸುತ್ತಿತ್ತು. ಒಂದರ ಮೇಲೊಂದು ಅರ್ಧರ್ಧ ಏರಿ ಬಂದ ಸುತ್ತು. ಕೊನೆಯಲ್ಲಿ ಟೇಪಿನ ತುದಿಯನ್ನು ಸಣ್ಣಗೆ ಮಡಿಚಿ, ಬೇಕೆಂದಾಗ ಬಿಚ್ಚಲು ಉಗುರಿಗೆ ಸಿಗುವ ಹಾಗೆ ಬಿಟ್ಟಿದ್ದರು.

"ಕಳ್ಳ ಬಿಟ್ಟು ಹೋಗೋ ಸಾಮಾನಿಗೆ ಟೇಪು ಯಾಕೆ ಸುತ್ತಿದ?" ಎಂದರು ಹುಚ್ಚಣ್ಣ.

ಗಿರಿಜಾಂಬಿಕಾ ಬಗ್ಗಿ ಆ ಸುತ್ತನ್ನು ನೋಡಿದರು. ಸ್ಪೀಕರನ್ನು ಅಮಾನತಿಗೆ, ಅಂದರೆ ಪೊಲೀಸ್ ವಶಕ್ಕೆ, ತೆಗೆದುಕೊಂಡು, ಟೇಪಿನ ಸುತ್ತು ಹಾಳಾಗದಂತೆ ಕವರಿನಲ್ಲಿ ಹಾಕಿಸಿದರು. ಪಂಚನಾಮೆಯಲ್ಲಿ ಸುತ್ತಿನ ವಿವರವನ್ನೂ ಬರೆಸಿದರು.

ಮೋಹನ್ ಕುಮಾರನ ತಾಯಿ ರಂಗಮ್ಮ ಕಾಫಿ ತಂದರು. ಗಾಡಿ ಹೋದ ದುಃಖಕ್ಕಿಂತ ಊರ ಹೆಂಗಸರಿಗೆ ಭಾನುವಾರ ಏನು ಹೇಳುವುದು ಎಂಬ ಸಂಕಟ ಅವರಿಗೆ. ಗಾಡಿಗೆ ಎಷ್ಟು ಭಕ್ತಿಯಿಂದ ನಡೆದುಕೊಂಡಿದ್ದೆವು ಎಂದು ಹೇಳುತ್ತಾ, ಆಯುಧಪೂಜೆಯ ದಿನ ಎಲ್‌ಇಡಿ ಬಾರಿಗೆ ಇಂಥ ಹಾರ, ಹಾರ್ನಿಗೆ ಇಂಥ ಹೂವು ಎಂದು ಒಂದೊಂದೇ ಎಣಿಸಿದರು. "ಒಂದಕ್ಕೂ ಕಡಿಮೆ ಮಾಡ್ಲಿಲ್ಲ ಕಣವ್ವ. ಸೀಟಿನ ಕೆಳಗೊಂದು ಪುಟಾಣಿ ಸ್ವಿಚ್ಚು ಐತಲ್ಲ, ಅದ್ಕೂ ಇಬೂತಿ ಬಳ್ದು ಕುಂಕುಮ ಇಟ್ಟು ಸೇವಂತಿಗೆ ಸಿಕ್ಕಿಸ್ದೆ. ಕಾಣ್ದಂಗೆ ಅವಿತ್ಕಂಡಿತ್ತು, ಪಾಪ."

ಗಿರಿಜಾಂಬಿಕಾ ಕಾಫಿ ಲೋಟ ಕೆಳಗಿಟ್ಟರು.

"ಕಳ್ಳ ಸ್ವಿಚ್ಚಿಗೆ?"

"ಅದೂ ಗಾಡೀದೇ ಅಲ್ವೇನವ್ವ. ದೊಡ್ಡವಕ್ಕೆ ಮಾಡಿ ಚಿಕ್ಕದನ್ನ ಬುಟ್ರೆ ಒಳ್ಳೇದಾಯ್ತದಾ?"

ಅಷ್ಟಕ್ಕೆ ಮುಗಿಯಲಿಲ್ಲ. ಮೋಹನ್ ಕುಮಾರನ ಹೆಂಡತಿ ಯೋಗಿತಾ ಅವತ್ತು ಪೂಜೆಯ ಫೋಟೊಗಳನ್ನೆಲ್ಲ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಹುಚ್ಚಣ್ಣ ಅವಳ ಮೊಬೈಲಿನಲ್ಲಿ ಹುಡುಕಿ ತೆಗೆದರು. ಕಬ್ಬಿಣದ ಪಟ್ಟಿ, ಅದರ ಹಿಂದೆ ಮೂರು ಗೆರೆ ವಿಭೂತಿ, ಕುಂಕುಮ, ಒಂದು ಹಳದಿ ಸೇವಂತಿಗೆ, ನಡುವೆ ಕಳ್ಳ ಸ್ವಿಚ್ಚು. ಗುಂಪಿನಲ್ಲಿ ಇನ್ನೂರ ಹದಿನಾಲ್ಕು ಜನ. ನಲವತ್ತು ಜನ ಕೈಮುಗಿದಿದ್ದರು.

ನರಪಿಳ್ಳೆಗೂ ಗೊತ್ತಿಲ್ಲ ಎಂದಿದ್ದ ಮೋಹನ್ ಕುಮಾರ್ ತೆಂಗಿನ ಮರದ ತುದಿ ನೋಡುತ್ತಾ ನಿಂತ. ಇನ್ನೂರ ಹದಿನಾಲ್ಕು ಜನರ ಹೇಳಿಕೆ ತೆಗೆದುಕೊಳ್ಳಲು ಎಷ್ಟು ದಿನ ಬೇಕೆಂದು ಗಿರಿಜಾಂಬಿಕಾ ಮನಸ್ಸಿನಲ್ಲೇ ಲೆಕ್ಕ ಹಾಕಿ, ಅರ್ಧಕ್ಕೆ ಬಿಟ್ಟರು.

ಎದುರು ಮನೆಯ ಪುಟ್ಟಗಂಗಮ್ಮ ಶುಕ್ರವಾರವಿಡೀ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹಿಂದಿನ ಸಂಜೆಯೇ ಒಬ್ಬ ಕಾನ್‌ಸ್ಟೇಬಲ್ ಅವರನ್ನು ಕೇಳಿ 'ಏನೂ ನೋಡಿಲ್ಲ' ಎಂದು ಬರೆದುಕೊಂಡು ಬಂದಿದ್ದ. ಗಿರಿಜಾಂಬಿಕಾ ಮತ್ತೊಮ್ಮೆ ಕೇಳುವುದೆಂದು ಹೋಗಿ ಪಕ್ಕದಲ್ಲೇ ಕೂತರು.

"ಅಜ್ಜಿ, ನಿನ್ನೆ ಗಾಡಿ ಹೋಗಿದ್ದು ನೋಡಿದ್ರಾ?"

"ನೋಡ್ದೆ. ಹೆಂಗಸೊಬ್ಳು ಬಂದು ತಗಂಡೋದ್ಲು."

"ನಿನ್ನೆ ನಮ್ಮವರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಕಳ್ಳ ಬಂದಿದ್ನಾ ಅಂತ ಕೇಳ್ದ. ಕಳ್ಳ ಎಲ್ ಬಂದಿದ್ದ? ಆಯಮ್ಮ ಬಂದು ಅರ್ಧ ಗಂಟೆ ಗಾಡಿ ಹಿಂದೆ ಕುಂತು ಏನೋ ಬಿಚ್ಚಿ, ಒರ್ಸಿ, ಎತ್ತಿಟ್ಳು. ಕಳ್ಳರು ಹಂಗೆ ಮಾಡ್ತಾರಾ? ಬೀಗರ ಕಡೆಯವಳು ಅಂದ್ಕಂಡೆ ಕಣವ್ವ. ಮಜ್ಜಿಗೆ ಬೇಕಾ ಅಂದೆ, ಬ್ಯಾಡ ಅಂತ ತಲೆ ಆಡ್ಸುದ್ಲು."

ಮೂವತ್ತೈದು ದಾಟಿದ ವಯಸ್ಸು. ಚೂಡಿದಾರದ ಮೇಲೆ ಗಂಡಸರ ಷರಟು. ಹೆಗಲಿಗೆ ಚೀಲ. ಮಾತಿಲ್ಲ. ಇಷ್ಟು ಸಿಕ್ಕಿತು. ಬಿಳಿಗೆರೆಯಲ್ಲಿ ಅಂಥವಳನ್ನು ಯಾರೂ ಅರಿಯರು.

ಬೆಳಿಗ್ಗೆ 11-30ಕ್ಕೆ ಠಾಣೆಗೆ ಮರಳಿದಾಗ ಅರುಣ್ ಕುಮಾರ್ ಅದೇ ಬೆಂಚಿನ ಅದೇ ತುದಿಯಲ್ಲಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮುಖ ಊದಿಕೊಂಡಿತ್ತು. ಗಿರಿಜಾಂಬಿಕಾ ಅವನ ಮುಂದೆ ಒಂದು ಮೊಳ ವೈರು, ಒಂದು ಸುತ್ತು ಕಪ್ಪು ಟೇಪು ಇಟ್ಟರು.

"ಇದರ ತುದಿಗೆ ಟೇಪು ಸುತ್ತು. ನಿಮ್ಮ ಅಂಗಡೀಲಿ ಸುತ್ತೋ ಹಾಗೆ."

ಅರುಣ್ ಹಲ್ಲಿನಿಂದ ಟೇಪು ಕಿತ್ತ. ವೈರಿಗೆ ಹಚ್ಚಿ ಉಂಡೆ ಮಾಡಿದ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತಾಮ್ರ ಇಣುಕುತ್ತಿತ್ತು. ಅದನ್ನು ನೋಡಿ ತಾನೇ ಕೈ ಕೆಳಗಿಳಿಸಿದ. ಗಿರಿಜಾಂಬಿಕಾ ಕವರಿನಲ್ಲಿದ್ದ ಸ್ಪೀಕರನ್ನು ಅದರ ಪಕ್ಕದಲ್ಲಿಟ್ಟರು.

"ನಿಮ್ಮ ಅಂಗಡೀಲಿ ವೈರಿನ ಕೆಲಸ ಮಾಡೋದು ಯಾರು?"

ಅವನು ಕವರಿನ ಮೇಲಿನಿಂದಲೇ ಆ ಟೇಪಿನ ಮಡಿಕೆಯನ್ನು ಮುಟ್ಟಿದ.

"ಅಕ್ಕ," ಎಂದ.

ಮಂಗಳಾ ಅವನಿಗಿಂತ ಐದು ವರ್ಷ ದೊಡ್ಡವಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಪಕ್ಕದಲ್ಲಿ ಕೂತು ಡೈನಮೊ ಸುತ್ತುವುದು ಕಲಿತವಳು. ಗಿರಾಕಿಗಳ ಗಾಡಿಯನ್ನು ಹಿಂದೆ ಮುಂದೆ ತೆಗೆದು ನಿಲ್ಲಿಸುತ್ತಾ ಡ್ರೈವಿಂಗೂ ಬಂದಿತ್ತು. ಅಪ್ಪ ಹೋದ ಮೇಲೆ ಕೆಲಸವೆಲ್ಲ ಅವಳದೇ. ಹೆಂಗಸು ವೈರು ಮುಟ್ಟುತ್ತಾಳೆ ಎಂದರೆ ಹೊಸ ಗಾಡಿಯವರು ಬಿಡುವುದಿಲ್ಲವೆಂದು ಅರುಣ್ ಮುಂದೆ ನಿಂತು ಮಾತಾಡುತ್ತಿದ್ದ. ಗಿರಾಕಿ ಟೀಗೆ ಹೋದಾಗ ಅವಳು ಕೆಲಸ ಮಾಡುತ್ತಿದ್ದಳು. ಅವರು ಮರಳಿ ಬಂದಾಗ ಅವಳ ಕೈಯಲ್ಲಿ ಪೊರಕೆಯೋ ಟೀ ಲೋಟವೋ ಇರುತ್ತಿತ್ತು. ಮೋಹನ್ ಕುಮಾರ್ ಏಳು ತಿಂಗಳಲ್ಲಿ ಹದಿನೈದು ಸಲ ಆ ಅಂಗಡಿಗೆ ಹೋಗಿದ್ದ. ಮಂಗಳಾ ಎಂಬುವಳು ಇದ್ದಳೇ ಎಂದು ಹುಚ್ಚಣ್ಣ ಫೋನಿನಲ್ಲಿ ಕೇಳಿದಾಗ, "ಯಾರೋ ಟೀ ಕೊಡೋ ಹೆಂಗಸು ಇತ್ತು ಸಾರ್," ಎಂದ.

"ಈಗ ಎಲ್ಲಿದ್ದಾಳೆ?"

"ಹಂದನಕೆರೆಗೆ, ಮಾವನ ತೋಟಕ್ಕೆ ಹೋಗ್ತೀನಿ ಅಂತ ನಿನ್ನೆ ಬೆಳಿಗ್ಗೆ ಹೋದಳು. ರಾತ್ರಿಯಿಂದ ಫೋನ್ ಹತ್ತುತ್ತಾ ಇಲ್ಲ."

"ನಿನ್ನೆ ಸಂಜೇನೇ ಗೊತ್ತಿತ್ತಾ ನಿನಗೆ?"

"ಅನುಮಾನ ಇತ್ತು ಮೇಡಂ."

"ಕಳ್ಳ ಅನ್ನಿಸಿಕೊಂಡು ಕೂತಿದ್ದೀಯಲ್ಲಯ್ಯ, ಬಾಯಿ ಬಿಡೋದಕ್ಕೆ ಏನಾಗಿತ್ತು?"

ಅರುಣ್ ಅಳಲು ಶುರುಮಾಡಿದ. ಗಿರಿಜಾಂಬಿಕಾ ಜೀಪು ತೆಗೆಯಲು ಹೇಳಿದರು.

ಹಂದನಕೆರೆ ಠಾಣೆಗೆ ವಿಷಯ ತಿಳಿಸಿ, ಮಧ್ಯಾಹ್ನ 1-10ಕ್ಕೆ ಕೆಂಚಯ್ಯ ಎಂಬುವರ ತೋಟದ ಬಾಗಿಲಿಗೆ ಬಂದರು. ಮಂಗಳಾಳ ಸೋದರಮಾವ ಕೆಂಚಯ್ಯ ಪೊಲೀಸರನ್ನು ಕಂಡು ಎದ್ದು ನಿಂತು, ಅಭ್ಯಾಸಬಲದಿಂದ ಎಳನೀರು ಕೆತ್ತಲು ಮಚ್ಚು ತೆಗೆದುಕೊಂಡರು. ಯಾರದೋ ಗಾಡಿ ರಿಪೇರಿ, ನೆರಳು ಬೇಕು ಅಂದಳು, ಇಲ್ಲೇ ಮಾಡ್ಕೋ ಅಂದೆ ಎಂದರು. ಅವರಿಗೆ ಗೊತ್ತಿದ್ದುದು ಅಷ್ಟೇ.

ಪಂಪ್‌ಸೆಟ್ ಮನೆಯ ಪಕ್ಕದ ನೆರಳಿನಲ್ಲಿ ಪಿಕಪ್ಪು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಮುಂದೆ ಹಾಸಿದ ತಾಡಪಾಲಿನ ಮೇಲೆ ಎಲ್‌ಇಡಿ ಬಾರು, ನಾಲ್ಕು ಫಾಗ್ ಲೈಟು, ಹಾರ್ನುಗಳು, ಆಂಪ್ಲಿಫೈಯರು, ಸ್ಪೀಕರು, ನೀಲಿ ಪಟ್ಟಿ, ಇನ್ವರ್ಟರು ಸಾಲಾಗಿ ಮಲಗಿದ್ದವು. ಒಂದೊಂದರ ಸ್ಕ್ರೂ ಒಂದೊಂದು ಕಾಗದದ ಪೊಟ್ಟಣದಲ್ಲಿ. ಒಂದೊಂದು ವೈರಿನ ತುದಿಗೂ ಅದೇ ಸುತ್ತು, ಅದೇ ಮಡಿಕೆ. ಮಾದೇಶ್ವರನನ್ನು ಮಾತ್ರ ಡ್ಯಾಶ್‌ಬೋರ್ಡಿನಲ್ಲೇ ಬಿಟ್ಟಿದ್ದಳು. ಗಾಡಿ ಕಂಪನಿಯಿಂದ ಇಳಿದ ದಿನ ಹೇಗಿತ್ತೋ ಹಾಗೆ ಬೋಳಾಗಿ ನಿಂತಿತ್ತು. ಕೊನೆಗೂ ಅದರ ನಂಬರ್ ಪ್ಲೇಟು ಕಾಣುತ್ತಿತ್ತು.

ಬಾನೆಟ್ಟಿನೊಳಗಿನಿಂದ ಮಂಗಳಾ ತಲೆ ಎತ್ತಿದಳು. ಓಡಲಿಲ್ಲ. ಕೈ ಒರೆಸಿಕೊಂಡಳು.

"ಇನ್ನೆರಡು ಗಂಟೆ ಬಿಟ್ಟಿದ್ರೆ ವಾಪಸ್ ತಂದು ನಿಲ್ಲಿಸ್ತಿದ್ದೆ ಮೇಡಂ," ಎಂದಳು. "ನಿನ್ನೆ ಕತ್ತಲಾಗೋದ್ರೊಳಗೆ ಮುಗಿಯುತ್ತೆ ಅಂದ್ಕೊಂಡಿದ್ದೆ. ಮುಗೀಲಿಲ್ಲ. ಅಷ್ಟೊಂದು ಹಾಕಿದ್ದೆ."

"ಯಾಕೆ ಬಿಚ್ಚಿದೆ?"

ಅವಳು ಹೇಳಲಿಲ್ಲ, ತೋರಿಸಿದಳು. ಎಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ವೈರು ಹೋಗಲು ತಗಡಿನಲ್ಲಿ ಒಂದು ತೂತಿತ್ತು. ಆ ತೂತಿನಿಂದ ಎಳೆದು ತೆಗೆದಿದ್ದ ಹೆಬ್ಬೆರಳು ದಪ್ಪದ ಕೆಂಪು ವೈರು ಪಕ್ಕದಲ್ಲಿ ಬಿದ್ದಿತ್ತು. ನಡುವೆ ಒಂದು ಕಡೆ ಅದರ ಮೈ ಸುಲಿದು ತಾಮ್ರ ಹೊರಗೆ ಕಾಣುತ್ತಿತ್ತು. ಸುತ್ತಲೂ ಕರಿ.

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಹಳೇ ಟೆಂಪೊಗಳಿಗೆ ಅಪ್ಪ ಫ್ಯೂಸನ್ನು ಕ್ಯಾಬಿನ್ ಒಳಗೆ, ಕೈಗೆ ಸಿಗುವ ಹಾಗೆ ಹಾಕುತ್ತಿದ್ದ. ಅವಳೂ ಹಾಗೇ ಹಾಕಿದಳು. ಹೊಸ ಗಾಡಿಯಲ್ಲಿ ಎಂಜಿನ್ನಿನ ಜಾಗ ಇಕ್ಕಟ್ಟು, ಬಿಸಿ ಜಾಸ್ತಿ, ಎಳೆಯುವ ಕರೆಂಟೂ ಜಾಸ್ತಿ. ಫ್ಯೂಸು ಬ್ಯಾಟರಿಯ ಬಗಲಿಗೇ ಇರಬೇಕಿತ್ತು. ತೂತಿಗೆ ರಬ್ಬರ್ ಬುಷ್ ಇರಬೇಕಿತ್ತು. ಅವತ್ತು ಬುಷ್ ಮುಗಿದಿತ್ತು, ಮುಂದಿನ ವಾರ ಹಾಕಿದರಾಯಿತು ಎಂದು ಬಿಟ್ಟಳು. ವೈರು ತಗಡಿಗೆ ಉಜ್ಜಿ ಉಜ್ಜಿ ಸುಲಿದರೆ ಬೆಂಕಿ ಹತ್ತುವುದು ಬ್ಯಾಟರಿಗೂ ಫ್ಯೂಸಿಗೂ ನಡುವಿನ ಜಾಗದಲ್ಲಿ. ಆಗ ಫ್ಯೂಸಿದ್ದೂ ಉಪಯೋಗವಿಲ್ಲ.

"ಹಿಂಗೆ ಮೂರು ಗಾಡಿಗೆ ಮಾಡಿದ್ದೆ," ಎಂದಳು. "ಒಂದನ್ನ ಫ್ರೀ ಸರ್ವೀಸ್ ಅಂತ ಕರೆಸಿ ಸರಿ ಮಾಡ್ದೆ. ಇದು ಬರಲೇ ಇಲ್ಲ."

"ಮೂರನೇದು?"

ಮಂಗಳಾ ಕೆಂಪು ವೈರನ್ನು ಮಡಿಚಿ ಹುಚ್ಚಣ್ಣನ ಕೈಗೆ ಕೊಟ್ಟಳು.

ಅರುಣ್ ನಾಲ್ಕು ಸಲ ಫೋನ್ ಮಾಡಿ ಗಾಡಿ ತನ್ನಿ ಎಂದಿದ್ದ. ಭಾನುವಾರ ಕಳೀಲಿ, ಆಮೇಲೆ ಇನ್ನೆರಡು ಲೈಟು ಹಾಕಿಸೋದೂ ಇದೆ, ಒಟ್ಟಿಗೇ ಬರ್ತೀನಿ ಎಂದಿದ್ದ ಮೋಹನ್ ಕುಮಾರ್. ಬುಧವಾರ ಮಂಗಳಾಳೇ ಬಸ್ಸು ಹತ್ತಿ ಬಿಳಿಗೆರೆಗೆ ಹೋಗಿ, ಬಾಗಿಲಲ್ಲಿ ನಿಂತು, ಗಾಡಿಯಲ್ಲೊಂದು ತೊಂದರೆ ಇದೆ ಎಂದಳು. ಯಾವ ತೊಂದರೆ, ಯಾರು ಮಾಡಿದ್ದು ಎಂದು ಹೇಳುವ ಮೊದಲೇ ಅವನು ನಕ್ಕು, 'ಅರುಣನ್ನ ಕಳ್ಸಮ್ಮ' ಎಂದು ಒಳಗೆ ಹೋದ. ಮೂವತ್ತು ಹೆಂಗಸರನ್ನು ಕೂರಿಸಿಕೊಂಡು, ಎಲ್ಲ ಲೈಟೂ ಹಾಕಿಕೊಂಡು, ಹಾಡು ಹಚ್ಚಿಕೊಂಡು ಭಾನುವಾರ ಹೋಗುತ್ತಾನೆಂದು ರಂಗಮ್ಮ ಯಾರಿಗೋ ಹೇಳುತ್ತಿದ್ದುದನ್ನು ಅವಳು ಅಂಗಳದಲ್ಲೇ ಕೇಳಿಸಿಕೊಂಡಳು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಆ ವೈರು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

"ನಮ್ಮ ಹತ್ರ ಬರಬಹುದಾಗಿತ್ತಲ್ಲ? ಒಂದು ಫೋನ್ ಮಾಡಿದ್ರೆ ನಾನೇ ಗಾಡಿ ನಿಲ್ಲಿಸ್ತಿದ್ದೆ." ಗಿರಿಜಾಂಬಿಕಾ ದನಿಯಲ್ಲಿ ಎರಡು ದಿನದ ಸಿಟ್ಟು ಒಟ್ಟಿಗೆ ಬಂದಿತ್ತು. "ಒಂದು ಮಾತು ಆಡೋದು ಬಿಟ್ಟು ಗಾಡೀನೇ ಎತ್ತಿಕೊಂಡು ಬಂದೆಯಲ್ಲ."

"ಗಾಡಿ ಎತ್ತೋದು ಸುಲಭ ಇತ್ತು ಮೇಡಂ," ಎಂದಳು ಮಂಗಳಾ.

ಜಾಗದಲ್ಲೇ ಅಮಾನತು ಪಂಚನಾಮೆ ಆಯಿತು. ಗಾಡಿ ಒಂದು, ಹೆಚ್ಚುವರಿ ಸಾಮಾನು ಹದಿನೇಳು, ಸುಲಿದ ಕೆಂಪು ವೈರು ಒಂದು. ಮಧ್ಯಾಹ್ನ 3-15ಕ್ಕೆ ಭವ್ಯಶ್ರೀ ಮಂಗಳಾಳನ್ನು ದಸ್ತಗಿರಿ ಮಾಡಿದಳು. ಕೆಂಚಯ್ಯ ಕೆತ್ತಿಟ್ಟಿದ್ದ ಎಳನೀರು ಯಾರೂ ಕುಡಿಯದೆ ಹಾಗೇ ಉಳಿಯಿತು.

ಸಂಜೆ ಐದಕ್ಕೆ ಮೋಹನ್ ಕುಮಾರ್ ತಾಯಿಯೊಡನೆ ಠಾಣೆಯ ಅಂಗಳಕ್ಕೆ ಬಂದ. ಬೋಳು ಗಾಡಿಯನ್ನು ಕಂಡು ಎದೆ ಮೇಲೆ ಕೈ ಇಟ್ಟುಕೊಂಡ. ಗಿರಿಜಾಂಬಿಕಾ ಸುಲಿದ ವೈರು ತೋರಿಸಿ, ಅದು ಏನೆಂದು, ಎಲ್ಲಿತ್ತೆಂದು, ಏನಾಗುತ್ತಿತ್ತೆಂದು ನಿಧಾನವಾಗಿ ಹೇಳಿದರು. ಅವನು ಮೆಲ್ಲಗೆ 'ಅಯ್ಯೋ' ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಈ ಲೈಟುಗಳನ್ನು ನಾಳೆ ಬೆಳಿಗ್ಗೆಯೊಳಗೆ ಬೇರೆ ಯಾರ ಕೈಲಾದರೂ ಹಾಕಿಸಬಹುದಾ ಎಂದು ಕೇಳಿದ.

ಗಾಡಿಯೂ ಲೈಟೂ ಈಗ ನ್ಯಾಯಾಲಯದ ಸ್ವತ್ತು ಎಂದು ಹುಚ್ಚಣ್ಣ ಹೇಳಬೇಕಾಯಿತು. ಪಿಎಸ್‌ಐ ಆಗಲೇ ಒಳಗೆ ನಡೆದಿದ್ದರು.

ರಂಗಮ್ಮ ಮಾತ್ರ ಆ ವೈರನ್ನು ಕೈಯಲ್ಲಿ ಹಿಡಿದು ನೋಡಿದರು. "ಊರ ಹೆಂಗಸ್ರನ್ನೆಲ್ಲ ಇದ್ರ ಮೇಲೆ ಕುಂಡ್ರುಸ್ಕಂಡು ಹೋಯ್ತಿದ್ಯಲ್ಲ ಕಣ್ಲಾ," ಎಂದು ಮಗನಿಗೆ ಹೇಳಿ, ಗಾಡಿಯ ಕಡೆ ತಿರುಗಿಯೂ ನೋಡದೆ ಗೇಟಿನ ಕಡೆ ನಡೆದರು. ದೂರು ವಾಪಸ್ ತೆಗೆದುಕೊಳ್ಳಬಹುದಾ ಎಂದು ಅಲ್ಲಿಂದಲೇ ಕೇಳಿದರು. ಅದು ಇನ್ನು ಕೋರ್ಟಿನಲ್ಲಿ ಕೇಳಬೇಕಾದ ಮಾತಾಗಿತ್ತು.

ಸಂಜೆ 5-50. ಒಳಗಿನ ಕೋಣೆಯಲ್ಲಿ ಮಂಗಳಾಳ ಸ್ವಇಚ್ಛಾ ಹೇಳಿಕೆ ಬರೆಯುವುದು ನಡೆದಿತ್ತು. ಗಿರಿಜಾಂಬಿಕಾ ತಾವೇ ಬರೆಯುತ್ತಿದ್ದರು. ಬಿಳಿಗೆರೆಯ ಗಾಡಿ, ಕೀ, ಸ್ವಿಚ್ಚು, ಹಂದನಕೆರೆಯ ತೋಟ, ಎಲ್ಲ ಮುಗಿದು ಸಹಿಯ ಜಾಗ ಬಂದಿತ್ತು.

"ಮೂರನೇ ಗಾಡಿ ಬರೀಲಿಲ್ಲ ನೀವು," ಎಂದಳು ಮಂಗಳಾ.

"ಎಲ್ಲಿದೆ ಅದು?"

"ಅಮ್ಮಸಂದ್ರದಲ್ಲಿ. ಹೋದ ತಿಂಗಳು ಸುಟ್ಟು ಹೋಯ್ತು. ಓಡಿಸ್ತಿದ್ದ ಶ್ರೀನಿವಾಸಣ್ಣನ ಬಲಗೈ ಮೊಣಕೈ ತನಕ ಬೆಂದಿದೆ. ಸುಟ್ಟ ಗಾಡಿ ನಮ್ಮ ಅಂಗಡಿಗೇ ಬಂತು. ತೂತು ನೋಡ್ದೆ. ಅದೇ ಜಾಗ."

ಗಿರಿಜಾಂಬಿಕಾ ಪೆನ್ನು ಕೆಳಗಿಟ್ಟರು. ಆ ಬೆಂಕಿಯ ಬಗ್ಗೆ ಯಾರೂ ಯಾರ ಮೇಲೂ ದೂರು ಕೊಟ್ಟಿರಲಿಲ್ಲ. ಎಂಜಿನ್ ಬಿಸಿಯಾಗಿ ಹತ್ತಿಕೊಂಡಿತು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

"ನೋಡು, ಇದು ಈ ಕೇಸಿಗೆ ಬೇಕಾಗಿಲ್ಲ. ಬರೆದರೆ ಇನ್ನೊಂದು ಕೇಸಾಗುತ್ತೆ. ನಿನ್ನ ತಮ್ಮ ಈಗ ಕಳ್ಳ ಅಲ್ಲ ಅಂತ ಆಯ್ತು, ಅಂಗಡಿ ಹೇಗೋ ಉಳಿಯುತ್ತೆ. ಇದು ಬಂದರೆ ಅಂಗಡಿ ಉಳಿಯಲ್ಲ."

ಮಂಗಳಾ ತನ್ನ ಬೆರಳುಗಳನ್ನು ನೋಡಿಕೊಂಡಳು. "ಆಸ್ಪತ್ರೆಗೆ ಮೂರು ಸಲ ಹೋದೆ ಮೇಡಂ. ಬ್ರೆಡ್ಡು, ಮೂಸಂಬಿ ಕೊಟ್ಟು ಬಂದೆ. ಬಾಯಿಗೆ ಬರಲಿಲ್ಲ. ಕೊನೇ ಸಲ ಶ್ರೀನಿವಾಸಣ್ಣ ಅಂದ್ರು, ನಿಮ್ಮ ಕೆಲಸ ಚೆನ್ನಾಗಿತ್ತಮ್ಮ, ಆ ಗಾಡೀನೇ ಸರಿ ಇಲ್ಲ ಅಂತ. ಎರಡನೇ ಗಾಡಿ ಅವತ್ತು ಸಾಯಂಕಾಲಾನೇ ಕರೆಸ್ದೆ. ಇದನ್ನ ಎತ್ಕೊಂಡು ಬಂದೆ. ಅವರಿಗೆ ಹೇಳೋದೊಂದು ಆಗಲಿಲ್ಲ." ಹಾಳೆ ತೋರಿಸಿ, "ನೀವು ಬರೆದಿದ್ದನ್ನ ಕೋರ್ಟಲ್ಲಿ ಓದ್ತಾರಲ್ವಾ? ಬರೀರಿ," ಎಂದಳು.

ಹೊರಗೆ ಮೋಹನ್ ಕುಮಾರ್ ನಾಳೆಗೆ ಯಾರದೋ ಮಿನಿ ಬಸ್ಸು ಗೊತ್ತುಮಾಡಲು ಫೋನಿನಲ್ಲಿ ಕೂಗಾಡುತ್ತಿದ್ದ. ಗಿರಿಜಾಂಬಿಕಾ ಎದ್ದು ಕಿಟಕಿ ಮುಚ್ಚಿ ಬಂದು ಕೂತರು. ಹೊಸ ಹಾಳೆ ತೆಗೆದುಕೊಂಡು ಮೇಲೆ 'ಅಮ್ಮಸಂದ್ರ' ಎಂದು ಬರೆದು, ಬೆಂಕಿ ಹತ್ತಿದ ತಾರೀಖು ಕೇಳಿದರು.

ಮಂಗಳಾ ತಾರೀಖಿನ ಜೊತೆ ಗಂಟೆಯನ್ನೂ ಹೇಳಿದಳು.